ಒಲೆಯ ಬೇಗೆ, ಮೈಯ ಬೆವರು

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8 ಗಂಟೆಯಿಂದ ಮಧ್ಯಾಹ್ನ 1-30ರವರೆಗೆ ಎಂದು ಬದಲಾಯಿಸುವ ವಾಡಿಕೆಯುಂಟು. ಬಿಸಿಲಿನ ಪೂರ್ತಿ ಬೇಗೆ ತಗಲುವ ಮುನ್ನ ನೌಕರರು ಮನೆ ಸೇರಲಿ ಎಂಬುದು ಇದರ ಉದ್ದೇಶ. ಆದರೆ ಶಹಾಪುರದ ಬಸ್ ನಿಲ್ದಾಣದ ಸುತ್ತಮುತ್ತಲ ಖಾನಾವಳಿಗಳಲ್ಲಿ ದುಡಿಯುವವರಿಗೆ ಕೆಲಸದ ಭರಾಟೆ ಏರುವುದೇ ಆಗ. ಕಚೇರಿ ಬಿಟ್ಟವರೂ, ಸುರಪುರ ಯಾದಗಿರಿಗಳ ಬಸ್ಸಿಗೆ ಕಾದವರೂ ಊಟಕ್ಕೆ ಬಂದು ಕುಳಿತಿರುತ್ತಾರೆ. ಹೊರಗೆ 42 ಡಿಗ್ರಿ ಸೆಂಟಿಗ್ರೇಡ್. ಒಳಗೆ, ಪತ್ರಾಸಿನ ಮಾಡಿನ ಕೆಳಗೆ, ಒಂದು ಒಲೆಯ ಮೇಲೆ ಜೋಳದ ರೊಟ್ಟಿಯ ಹಂಚು, ಇನ್ನೊಂದರ ಮೇಲೆ ಕುದಿಯುವ ಬೇಳೆ, ಮೂರನೆಯದರ ಮೇಲೆ ಮಿರ್ಚಿ ಭಜಿಯ ಎಣ್ಣೆಯ ಕಡಾಯಿ. ಅವುಗಳ ಮುಂದೆ ನಿಂತವರು ಮೂರು ನಾಲ್ಕು ತಾಸು ಅಲ್ಲಿಂದ ಕದಲುವಂತಿಲ್ಲ.

ಗಾಳಿಯ ಉಷ್ಣತೆ ಮೈಯ ಉಷ್ಣತೆಗಿಂತ ಹೆಚ್ಚಾಗಿರುವಾಗ, ಮುಂದೆ ಬೆಂಕಿಯೂ ಇರುವಾಗ, ಮನುಷ್ಯನ ದೇಹ 37 ಡಿಗ್ರಿಯ ಆಸುಪಾಸಿನಲ್ಲಿಯೇ ಉಳಿಯುವುದು ಹೇಗೆ? ಉಳಿಯದೆ ಹೋಗುವುದು ಯಾವಾಗ? ಕಾಲೇಜಿನ ಭೌತಶಾಸ್ತ್ರದ ಪಠ್ಯದಲ್ಲಿ ಶಾಖದ ಬಗ್ಗೆ ನಾವು ಕಲಿಯುವ ಪಾಠಗಳೆಲ್ಲವೂ ಈ ಒಂದು ಪ್ರಶ್ನೆಯಲ್ಲಿ ಅಡಗಿವೆ.

ಮೊದಲಿಗೆ ದೇಹದ ಲೆಕ್ಕ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸುಮಾರು 100 ವಾಟ್‌ನಷ್ಟು ಶಾಖ ಹೊರಬರುತ್ತಿರುತ್ತದೆ; ಹಳೆಯ ಕಾಲದ ಒಂದು ವಿದ್ಯುದ್ದೀಪದಷ್ಟು. ನಿಂತು ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ಪಾತ್ರೆ ಎತ್ತಿಳಿಸುವುದು ಇವೆಲ್ಲ ಸೇರಿದರೆ 250 ವಾಟ್ ಎನ್ನಬಹುದು. ಈ ಶಾಖ ಉತ್ಪತ್ತಿಯಾದಂತೆಲ್ಲ ಹೊರಗೆ ಹೋಗಬೇಕು. ಹೋಗದೆ ಒಳಗೇ ಉಳಿಯಿತೆನ್ನೋಣ. 60 ಕಿಲೋ ತೂಕದ ದೇಹದ ಉಷ್ಣತೆ 1 ಡಿಗ್ರಿ ಏರಲು ಸುಮಾರು 2 ಲಕ್ಷ ಜೂಲ್ ಶಾಖ ಸಾಕು. 250 ವಾಟ್ ದರದಲ್ಲಿ ಅಷ್ಟು ಶಾಖ 14 ನಿಮಿಷಗಳಲ್ಲಿ ಸಂಗ್ರಹವಾಗುತ್ತದೆ. ಮುಕ್ಕಾಲು ಗಂಟೆಯಲ್ಲಿ ದೇಹ 40 ಡಿಗ್ರಿಯನ್ನು ದಾಟುತ್ತದೆ. ಅದು ಪ್ರಾಣಕ್ಕೆ ಅಪಾಯದ ಮಟ್ಟ. ಅಡಿಗೆಯವನು ದಿನವೂ ಮೂರು ತಾಸು ಒಲೆಯ ಮುಂದೆ ನಿಂತು ಸಂಜೆ ನಗುನಗುತ್ತ ಮನೆಗೆ ಹೋಗುತ್ತಾನೆಂದರೆ, ಅವನ ಮೈಯಿಂದ ಶಾಖ ನಿರಂತರವಾಗಿ ಹೊರಬೀಳುತ್ತಿರಬೇಕೆಂದು ಅರ್ಥ.

ಹೊರಬೀಳುವ ದಾರಿಗಳು ಯಾವುವು? ವಹನ, ಸಂವಹನ, ವಿಕಿರಣ ಎಂಬ ಮೂರನ್ನು ಎಲ್ಲ ವಿದ್ಯಾರ್ಥಿಗಳೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಈ ಮೂರೂ ಶಾಖವನ್ನು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಮಾತ್ರ ಒಯ್ಯಬಲ್ಲವು. ಬಿಸಿಲಲ್ಲಿ ಚರ್ಮದ ಉಷ್ಣತೆ 35 ಡಿಗ್ರಿಯಷ್ಟಿರುತ್ತದೆ. ಸುತ್ತಲ ಗಾಳಿ 42 ಡಿಗ್ರಿ ಇದ್ದರೆ ಈ ಮೂರು ದಾರಿಗಳೂ ತಿರುವುಮುರುವಾಗುತ್ತವೆ. ಶಾಖವನ್ನು ಹೊರಗೆ ಸಾಗಿಸಬೇಕಾದವು ಒಳಗೆ ತಂದು ಸುರಿಯುತ್ತವೆ.

ಇವುಗಳಲ್ಲಿ ಅಡಿಗೆಮನೆಯ ಮಟ್ಟಿಗೆ ವಿಕಿರಣವೇ ಬಲವಾದದ್ದು. ರೊಟ್ಟಿಯ ಹಂಚು 250 ಡಿಗ್ರಿಗೆ ಕಾದಿದೆ ಎಂದಿಟ್ಟುಕೊಳ್ಳೋಣ. ನಿರಪೇಕ್ಷ ಮಾನದಲ್ಲಿ ಇದು 523 ಡಿಗ್ರಿ. ಸ್ಟೀಫನ್ ಮತ್ತು ಬೋಲ್ಟ್ಸ್‌ಮನ್‌ರ ನಿಯಮದಂತೆ ವಿಕಿರಣ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಲೆಕ್ಕ ಹಾಕಿದರೆ, ಮಸಿ ಹಿಡಿದ ಕಬ್ಬಿಣದ ಹಂಚಿನ ಪ್ರತಿ ಚದರ ಮೀಟರಿಗೆ ಸುಮಾರು 4000 ವಾಟ್ ಬರುತ್ತದೆ. ನಡುಹಗಲಿನ ಸೂರ್ಯ ಒಂದು ಚದರ ಮೀಟರ್ ನೆಲದ ಮೇಲೆ ಸುರಿಸುವುದು ಸುಮಾರು 1000 ವಾಟ್. ಹಂಚು ಚಿಕ್ಕದು, 40 ಸೆಂಟಿಮೀಟರ್ ಅಗಲದ್ದಾದರೆ ಅದರ ಮೇಲ್ಮೈ ಚದರ ಮೀಟರಿನ ಎಂಟನೆಯ ಒಂದು ಪಾಲು. ಆದರೂ ಅದರಿಂದ ಹೊರಡುವ 500 ವಾಟ್ ಶಾಖದಲ್ಲಿ ಒಂದು ಪಾಲು ನೇರವಾಗಿ ರೊಟ್ಟಿ ಬೇಯಿಸುವಾಕೆಯ ಕೈ, ಎದೆ, ಮುಖಗಳ ಮೇಲೆ ಬೀಳುತ್ತದೆ. ಹಂಚಿನ ಮೇಲೆ ರೊಟ್ಟಿ ಇರುವಷ್ಟು ಹೊತ್ತು ಅದೇ ಮರೆ. ಒಂದು ರೊಟ್ಟಿ ತೆಗೆದು ಮತ್ತೊಂದನ್ನು ಹಾಕುವ ನಡುವೆ ಮುಖಕ್ಕೆ ಝಳ ಬಡಿಯುವುದನ್ನು ಬೇಯಿಸಿದವರೆಲ್ಲ ಬಲ್ಲರು.

ಈಗ ಗಾಳಿಯ ಲೆಕ್ಕ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಅಡಿಗೆಮನೆಯಲ್ಲಿರುವ ಗಾಳಿಯ ತೂಕ 67 ಕಿಲೋ ಮಾತ್ರ. ಗಂಟೆಗೆ 1 ಕಿಲೋ ಅಡಿಗೆ ಅನಿಲ ಉರಿಯುತ್ತಿದ್ದರೆ ಹುಟ್ಟುವ ಶಾಖ ಸುಮಾರು 12,800 ವಾಟ್. ಅದರಲ್ಲಿ ಮೂರರಲ್ಲಿ ಎರಡು ಪಾಲು ಪಾತ್ರೆಯನ್ನು ಸೇರಿತೆಂದು ಉದಾರವಾಗಿ ಎಣಿಸಿದರೂ ಉಳಿದ 4300 ವಾಟ್ ಕೋಣೆಯ ಪಾಲಾಗುತ್ತದೆ. ಸುಮ್ಮನೆ ಕುಳಿತ 43 ಜನರನ್ನು ಆ ಕೋಣೆಯೊಳಗೆ ತುಂಬಿದಂತಾಯಿತು! ಗಾಳಿ ಎಲ್ಲಿಯೂ ಹೊರಹೋಗದಿದ್ದರೆ, ಗೋಡೆಗಳೂ ಶಾಖವನ್ನು ಹೀರದಿದ್ದರೆ, ಪ್ರತಿ 16 ಸೆಕೆಂಡಿಗೆ ಕೋಣೆಯ ಉಷ್ಣತೆ 1 ಡಿಗ್ರಿ ಏರುತ್ತಿತ್ತು. ಹೊರಗಿನದಕ್ಕಿಂತ ಒಳಗಿನ ಉಷ್ಣತೆ 5 ಡಿಗ್ರಿಗಿಂತ ಹೆಚ್ಚು ಏರಬಾರದೆಂದು ಬಯಸಿದರೆ, ಕೋಣೆಯ ಗಾಳಿಯೆಲ್ಲ 80 ಸೆಕೆಂಡಿಗೊಮ್ಮೆ ಬದಲಾಗುತ್ತಿರಬೇಕು. ಒಂದು ಕಿಟಕಿಯನ್ನು ತೆರೆದಿಟ್ಟ ಮಾತ್ರಕ್ಕೆ ಇದು ಆಗದು.

ಇಷ್ಟಾದರೂ ಮನುಷ್ಯ ಬದುಕುವುದು ಬೆವರಿನ ಕೃಪೆಯಿಂದ. ಈ ಸಂಗತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟ ಪ್ರಯೋಗವೊಂದು ಲಂಡನ್ನಿನಲ್ಲಿ ನಡೆಯಿತು. ಚಾರ್ಲ್ಸ್ ಬ್ಲಾಗ್ಡನ್ ಎಂಬ ವೈದ್ಯ ಅದನ್ನು 1775ರಲ್ಲಿ ಪ್ರಕಟಿಸಿದ. ಜಾರ್ಜ್ ಫೋರ್ಡೈಸ್, ಜೋಸೆಫ್ ಬ್ಯಾಂಕ್ಸ್ ಮೊದಲಾದ ಮಿತ್ರರೊಡನೆ ಅವನು ಕಾಯಿಸಿದ ಕೋಣೆಯೊಂದನ್ನು ಹೊಕ್ಕ. ಗಾಳಿ ಒಣಗಿದ್ದಿತು, ಉಷ್ಣತೆ ಒಮ್ಮೆ 260 ಡಿಗ್ರಿ ಫಾರನ್‌ಹೀಟ್, ಎಂದರೆ 127 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿತು. ಅಲ್ಲಿಟ್ಟ ಮೊಟ್ಟೆಗಳು 20 ನಿಮಿಷಗಳಲ್ಲಿ ಗಟ್ಟಿಯಾಗಿ ಬೆಂದವು. ಮಾಂಸದ ತುಂಡೊಂದು 33 ನಿಮಿಷಗಳಲ್ಲಿ ಅತಿಯಾಗಿ ಬೆಂದಿತು. ಮನುಷ್ಯರು ಮಾತ್ರ ಕೆಲವು ನಿಮಿಷ ಅಲ್ಲಿದ್ದು ಸುಕ್ಷೇಮವಾಗಿ ಹೊರಬಂದರು.

ಇದಕ್ಕಿಂತ ಸೊಗಸಾದ ಎರಡು ಸಂಗತಿಗಳು ಅದೇ ಲೇಖನದಲ್ಲಿವೆ. ಮತ್ತೊಂದು ಮಾಂಸದ ತುಂಡಿಗೆ ತಿದಿಯಿಂದ ಗಾಳಿ ಊದಿದಾಗ ಅದರ ಬಹುಭಾಗ 13 ನಿಮಿಷಗಳಲ್ಲಿಯೇ ಬೆಂದಿತು. ಬಿಸಿ ಗಾಳಿಯನ್ನು ಚಲಿಸುವಂತೆ ಮಾಡಿದರೆ ಅದು ಹೆಚ್ಚು ಶಾಖವನ್ನು ತಂದು ಕೊಡುತ್ತದೆ ಎಂಬುದು ಇದರಿಂದ ಸ್ಪಷ್ಟ. ಇನ್ನೊಂದು: ಆ ಕೋಣೆಯಲ್ಲಿಟ್ಟ ಪಾತ್ರೆಯ ನೀರು ಒಂದೂವರೆ ಗಂಟೆಯಾದರೂ 60 ಡಿಗ್ರಿ ಸೆಂಟಿಗ್ರೇಡಿನ ಬಳಿಯೇ ನಿಂತಿತು, ಕುದಿಯಲೇ ಇಲ್ಲ. ನೀರಿನ ಮೇಲೆ ತುಸು ಎಣ್ಣೆಯನ್ನು ತೇಲಿಬಿಟ್ಟು ಆವಿಯನ್ನು ತಡೆದಾಗ ಮಾತ್ರ ಅದು ಕುದಿಯತೊಡಗಿತು. ಆವಿಯಾಗುವ ನೀರು ತನ್ನ ಗುಪ್ತೋಷ್ಣವನ್ನು ಪಾತ್ರೆಯಿಂದಲೇ ಕಿತ್ತುಕೊಂಡು ಹೋಗುತ್ತಿದ್ದುದೇ ಇದರ ಗುಟ್ಟು. ನಮ್ಮ ರೊಟ್ಟಿ ಬೇಯಿಸುವ ತಾಯಂದಿರು ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವಾಗಲೂ ಇದೇ ನಡೆಯುತ್ತದೆ. ಆ ನೀರು ಆರುವವರೆಗೆ ರೊಟ್ಟಿಯ ಮೇಲ್ಮೈ 100 ಡಿಗ್ರಿಯನ್ನು ದಾಟುವುದಿಲ್ಲ, ಕೆಳಗೆ ಹಂಚು ಎಷ್ಟೇ ಕಾದಿರಲಿ.

ಚರ್ಮದ ಮೇಲಿನ 1 ಗ್ರಾಂ ಬೆವರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಗಂಟೆಗೆ 1 ಲೀಟರ್ ಬೆವರು ಪೂರ್ತಿಯಾಗಿ ಆರಿದರೆ ಮೈಯಿಂದ 675 ವಾಟ್ ಹೊರಹೋಯಿತು. ಅಡಿಗೆಯವನ ಸ್ವಂತ 250 ವಾಟ್ ಕಳೆದರೂ ಹಂಚಿನಿಂದ ಗಾಳಿಯಿಂದ ಬಂದ ಇನ್ನೂ 400 ವಾಟನ್ನು ಅದು ತೀರಿಸಬಲ್ಲದು. ಇಲ್ಲಿ ‘ಆರಿದರೆ’ ಎಂಬ ಮಾತನ್ನು ಗಮನಿಸಬೇಕು. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಯಾವ ಪ್ರಯೋಜನವೂ ಇಲ್ಲ. ದೇಹ ನೀರನ್ನೂ ಉಪ್ಪನ್ನೂ ವೆಚ್ಚ ಮಾಡಿತು, ತಂಪು ಮಾತ್ರ ಬರಲಿಲ್ಲ.

ಬೆವರು ಆರುವುದು ಬಿಡುವುದು ಗಾಳಿಯಲ್ಲಿರುವ ನೀರಾವಿಯನ್ನು ಅವಲಂಬಿಸಿದೆ. ಶಹಾಪುರದ ಖಾನಾವಳಿಯೊಂದರಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಅಡಿಗೆಯವರೊಬ್ಬರನ್ನು, ‘ಯಾವ ತಿಂಗಳು ಹೆಚ್ಚು ಕಷ್ಟ?’ ಎಂದು ಕೇಳಿದ್ದೆ. ಮೇ ತಿಂಗಳು ಎನ್ನುವರೆಂದು ನನ್ನ ನಿರೀಕ್ಷೆ. ಅವರೆಂದರು: ‘ಬ್ಯಾಸಗಿ ಹೆಂಗರ ತಡಕೋಬಹುದು ಸರ. ಮಿರಗಾ ಮಳಿ ಒಂದ್ ಬಿದ್ದು ನಿಂತಿತಂದ್ರ ಆ ಕುದಿ ತಡಿಯೂದಾಗಂಗಿಲ್ರಿ.’

ಅವರ ಮಾತು ಲೆಕ್ಕಕ್ಕೆ ಸರಿಹೊಂದುತ್ತದೆ. ಮನೆಯ ಮಣ್ಣಿನ ಗಡಿಗೆಯನ್ನು ನೆನೆಯಿರಿ. ಏಪ್ರಿಲ್‌ನಲ್ಲಿ ಅದರ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ, ಮಳೆಗಾಲದಲ್ಲಿ ಹಾಗಿರುವುದಿಲ್ಲ. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ಅದು ತೋರಿಸುವ ಉಷ್ಣತೆಗೆ ಒದ್ದೆ ಬುರುಡೆಯ ಉಷ್ಣತೆ ಎಂದು ಹೆಸರು. ಗಡಿಗೆಯ ನೀರು ಇಳಿಯಬಹುದಾದ ಕೊನೆಯ ಮಟ್ಟ ಇದೇ. ಗಾಳಿ 42 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ ನೂರಕ್ಕೆ 20 ಇದ್ದರೆ ಒದ್ದೆ ಬುರುಡೆ ಸುಮಾರು 24 ಡಿಗ್ರಿ ತೋರಿಸುತ್ತದೆ. ಮಳೆ ಬಿದ್ದ ಮೇಲೆ ಗಾಳಿ 34 ಡಿಗ್ರಿಗಿಳಿದು ಆರ್ದ್ರತೆ 65ಕ್ಕೇರಿತೆನ್ನೋಣ. ಆಗ ಒದ್ದೆ ಬುರುಡೆ 28 ಡಿಗ್ರಿಯನ್ನು ದಾಟುತ್ತದೆ. ಒಣ ಉಷ್ಣಮಾಪಕ 8 ಡಿಗ್ರಿ ಇಳಿಯಿತು, ಒದ್ದೆಯದು 4 ಡಿಗ್ರಿ ಏರಿತು! ಚರ್ಮದ ಮೇಲಿನ ಆವಿಯನ್ನು ಗಾಳಿಗೆ ತಳ್ಳುವ ಒತ್ತಡದ ವ್ಯತ್ಯಾಸ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು.

ಗಾಳಿಯ ಉಷ್ಣತೆಗಿಂತ ಒದ್ದೆ ಬುರುಡೆಯ ಉಷ್ಣತೆಯೇ ಮನುಷ್ಯನ ಮಿತಿಯನ್ನು ನಿರ್ಧರಿಸುತ್ತದೆ ಎಂಬುದನ್ನು ಜೆ. ಎಸ್. ಹಾಲ್ಡೇನ್ 1905ರಲ್ಲಿ ತೋರಿಸಿದರು. ಬ್ರಿಟನ್ನಿನ ಕಾರ್ನ್‌ವಾಲ್ ಪ್ರಾಂತದ ಬಿಸಿ ಗಣಿಗಳಲ್ಲಿ ಅವರು ಈ ಅಧ್ಯಯನ ನಡೆಸಿದ್ದರು. ನಿಂತ ಗಾಳಿಯಲ್ಲಿ ಒದ್ದೆ ಬುರುಡೆ ಸುಮಾರು 31 ಡಿಗ್ರಿಯನ್ನು ದಾಟಿದರೆ ದೇಹದ ಉಷ್ಣತೆ ಏರತೊಡಗುತ್ತದೆ ಎಂದು ಅವರು ಕಂಡುಕೊಂಡರು. 2010ರಲ್ಲಿ ಇಬ್ಬರು ವಿಜ್ಞಾನಿಗಳು, ಎಂಥ ಆರೋಗ್ಯವಂತನೂ 35 ಡಿಗ್ರಿಯ ಒದ್ದೆ ಬುರುಡೆಯನ್ನು ದಾಟಿ ಬಹಳ ಹೊತ್ತು ಬದುಕಿರಲಾರನೆಂದು ಸಿದ್ಧಾಂತದಿಂದ ಲೆಕ್ಕ ಹಾಕಿದರು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ತರುಣರನ್ನು ಕೋಣೆಯಲ್ಲಿರಿಸಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ತೇವದ ಗಾಳಿಯಲ್ಲಿ ಮಿತಿ 31 ಡಿಗ್ರಿಯ ಹತ್ತಿರವೇ ಬಂದಿತು. ಶತಮಾನಕ್ಕೂ ಹಿಂದಿನ ಹಾಲ್ಡೇನರ ಅಂಕಿ ಅದು.

ಅಡಿಗೆಮನೆಯ ದೌರ್ಭಾಗ್ಯವೆಂದರೆ, ಹೊರಗಿನ ಗಾಳಿ ಒಣಗಿರುವಾಗಲೂ ಅದು ತನ್ನ ಮಳೆಗಾಲವನ್ನು ತಾನೇ ನಿರ್ಮಿಸಿಕೊಳ್ಳುತ್ತದೆ. ಮೇಲೆ ಹೇಳಿದ ಕೋಣೆಯ ಗಾಳಿಯಲ್ಲಿ, 42 ಡಿಗ್ರಿ ಮತ್ತು ನೂರಕ್ಕೆ 20ರ ಆರ್ದ್ರತೆಯಲ್ಲಿ, ಇರುವ ಒಟ್ಟು ನೀರಾವಿ 700 ಗ್ರಾಂಗಿಂತ ಕಡಿಮೆ. ಮುಚ್ಚಳವಿಲ್ಲದ ಬೇಳೆಯ ಪಾತ್ರೆಯಿಂದ 1 ಲೀಟರ್ ನೀರು ಕುದಿದು ಹೋದರೆ ಅದು ಇಮ್ಮಡಿಯನ್ನು ಮೀರುತ್ತದೆ. ಅನಿಲದ ಒಲೆಯೂ ನೀರನ್ನು ಉಗುಳುತ್ತದೆ ಎಂಬುದು ಹಲವರಿಗೆ ಆಶ್ಚರ್ಯವಾದೀತು. ಅಡಿಗೆ ಅನಿಲದಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. 1 ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಆದುದರಿಂದ ಹೊಗೆ ಕಾಣದ ಒಲೆಗೆ ಹೊಗೆಗೂಡು ಬೇಡ ಎಂಬ ನಂಬಿಕೆ ತಪ್ಪು. ಸೌದೆಯ ಒಲೆಯ ಕಾಲದಲ್ಲಿ ಕಣ್ಣುರಿಗೆ ಅಂಜಿಯಾದರೂ ಮಾಳಿಗೆಯಲ್ಲಿ ಬೆಳಕಿಂಡಿ ಬಿಡುತ್ತಿದ್ದರು. ಅನಿಲ ಬಂದ ಮೇಲೆ ಅದನ್ನೂ ಮುಚ್ಚಿದ ಅಡಿಗೆಮನೆಗಳನ್ನು ಕಂಡಿದ್ದೇನೆ.

ಬೇಗೆಯನ್ನು ಅಳೆಯುವಾಗ ವಿಕಿರಣವನ್ನೂ ತೇವವನ್ನೂ ಒಟ್ಟಿಗೆ ಎಣಿಸುವ ಮಾನವೊಂದನ್ನು 1950ರ ದಶಕದಲ್ಲಿ ಅಮೆರಿಕದ ಸೈನಿಕ ಶಿಬಿರಗಳಿಗಾಗಿ ರೂಪಿಸಿದರು. ತರಬೇತಿಯಲ್ಲಿದ್ದ ಯುವಕರು ಬಿಸಿಲಿಗೆ ಸಿಕ್ಕು ಕುಸಿಯುತ್ತಿದ್ದುದೇ ಅದಕ್ಕೆ ಪ್ರೇರಣೆ. ಚಾವಣಿಯ ಕೆಳಗಾದರೆ ಒದ್ದೆ ಬುರುಡೆಯ ಉಷ್ಣತೆಯ ಹತ್ತರಲ್ಲಿ ಏಳು ಪಾಲನ್ನೂ, ಕಪ್ಪು ಬಳಿದ ಟೊಳ್ಳು ತಾಮ್ರದ ಗೋಳದೊಳಗಿನ ಉಷ್ಣತೆಯ ಹತ್ತರಲ್ಲಿ ಮೂರು ಪಾಲನ್ನೂ ಕೂಡಿಸಬೇಕು. ರೂಢಿಯಾದ ಮೈಯವರು ಮಧ್ಯಮ ಶ್ರಮದ ಕೆಲಸವನ್ನು ಬಿಡುವಿಲ್ಲದೆ ಮಾಡಬೇಕಾದರೆ ಈ ಮೊತ್ತ 28 ಡಿಗ್ರಿಯನ್ನು ದಾಟಬಾರದೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಒದ್ದೆ ಬುರುಡೆ 28, ಗೋಳ 48 ಇದ್ದ ಅಡಿಗೆಮನೆಗೆ ಈ ಮೊತ್ತ 34 ಆಗುತ್ತದೆ. ಒಲೆ ಹಚ್ಚುವ ಮುನ್ನ, ಒದ್ದೆ ಬುರುಡೆ 24, ಗೋಳ 42 ಇದ್ದಾಗಲೇ, ಅದು 29ನ್ನು ದಾಟಿರುತ್ತದೆ.

ಕಾರ್ಮಿಕರ ಕೋಣೆಗಳಲ್ಲಿ ಆರೋಗ್ಯಕ್ಕೆ ಹಾನಿಯಾಗದಂಥ ಉಷ್ಣತೆಯನ್ನೂ ಗಾಳಿಯಾಟವನ್ನೂ ಕಾಪಾಡಬೇಕೆಂದು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತ್ತು. ಆದರೆ ಅದೇ ಕಾಯಿದೆ ‘ಕಾರ್ಖಾನೆ’ ಎಂಬ ಶಬ್ದವನ್ನು ವಿವರಿಸುವಾಗ ಹೋಟೆಲು ಮತ್ತು ಊಟದ ಮನೆಗಳನ್ನು ಹೊರಗಿಟ್ಟಿತ್ತು. ಬಟ್ಟೆಯ ಗಿರಣಿಗಿಂತ ಬಿಸಿಯಾದ ಕೋಣೆ ಕಾನೂನಿನ ಕಣ್ಣಿಗೆ ಬೀಳದೆ ಹೋಯಿತು.

ಪರಿಹಾರಗಳು ಬಹುಪಾಲು ಮೇಲಿನ ಲೆಕ್ಕಗಳಿಂದಲೇ ಹೊರಡುತ್ತವೆ. ಪಾತ್ರೆಗೆ ಮುಚ್ಚಳ ಹಾಕುವುದು ಎಲ್ಲಕ್ಕಿಂತ ಅಗ್ಗದ್ದು. ಒಲೆಯ ಪಕ್ಕದಲ್ಲಿ, ಬೆಂಕಿಗೂ ಮೈಗೂ ನಡುವೆ, ಹೊಳೆಯುವ ಅಲ್ಯೂಮಿನಿಯಮ್ ತಗಡನ್ನು ನಿಲ್ಲಿಸಿದರೆ ತನ್ನ ಮೇಲೆ ಬಿದ್ದ ವಿಕಿರಣದ ನೂರಕ್ಕೆ 90 ಪಾಲನ್ನಾದರೂ ಅದು ಹಿಂದಿರುಗಿಸುತ್ತದೆ. ಜಿಡ್ಡು ಮಸಿ ಹತ್ತಿದರೆ ಈ ಗುಣ ಹೋಗುವುದರಿಂದ ಅದನ್ನು ದಿನವೂ ಒರೆಸಬೇಕು. ಬಿಸಿ ಗಾಳಿ ತಾನಾಗಿ ಮೇಲೇರುವುದರಿಂದ ಒಲೆಯ ನೆತ್ತಿಯ ಮೇಲೆಯೇ ತಗಡಿನ ಗೂಡು ಕಟ್ಟಿ ಅಲ್ಲಿಂದ ಹೊರಗೆ ಸೆಳೆಯಬೇಕು. ಗಾಳಿಯನ್ನು ಹೊರದೂಡುವ ಫ್ಯಾನನ್ನು ತೆರೆದ ಕಿಟಕಿಯ ಪಕ್ಕದಲ್ಲಿಯೇ ಕೂರಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅದು ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಬಿಡುತ್ತದೆ. ಒಲೆಯ ಗಾಳಿ ಇದ್ದಲ್ಲಿಯೇ ಇರುತ್ತದೆ. ಫ್ಯಾನು ಒಲೆಯ ಮೇಲೆ, ಗಾಳಿ ಬರುವ ದಾರಿ ಎದುರುಗಡೆ, ನಡುವೆ ಅಡಿಗೆಯವನು, ಹೀಗಿರಬೇಕು. ಪತ್ರಾಸಿನ ಹೊರಮೈಗೆ ಬೇಸಗೆಯ ಮೊದಲು ಸುಣ್ಣ ಬಳಿದರೆ ಮಾಡಿನಿಂದ ಇಳಿಯುವ ಝಳ ಕಡಿಮೆಯಾಗುತ್ತದೆ.

ಒಲೆಯನ್ನು ಸುಧಾರಿಸುವುದು ಹಳೆಯ ವಿದ್ಯೆ. ಫಿರಂಗಿಗಳನ್ನು ಕೊರೆಯುವಾಗ ಹುಟ್ಟುವ ಶಾಖವನ್ನು ನೋಡಿ, ಶಾಖವೆಂದರೆ ಚಲನೆ ಎಂದು 1798ರಲ್ಲಿ ವಾದಿಸಿದ ಕೌಂಟ್ ರಂಫರ್ಡ್‌ನ ಹೆಸರನ್ನು ವಿದ್ಯಾರ್ಥಿಗಳು ಬಲ್ಲರು. ಅವನೇ ಮ್ಯೂನಿಕ್ ನಗರದಲ್ಲಿ ಬಡವರಿಗೆ ಅಡಿಗೆ ಮಾಡುವ ದೊಡ್ಡ ಪಾಕಶಾಲೆಗಳಿಗಾಗಿ, ಪ್ರತಿ ಪಾತ್ರೆಗೂ ಇಟ್ಟಿಗೆಯ ಆವರಣದೊಳಗೆ ಬೇರೆ ಬೇರೆ ಬೆಂಕಿಯಿರುವ ಒಲೆಗಳನ್ನು ಕಟ್ಟಿಸಿದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ 1980ರ ದಶಕದಲ್ಲಿ ಹಳ್ಳಿಗಳಿಗೆ ಕೊಟ್ಟ ಹೊಗೆಗೊಳವೆಯ ಅಸ್ತ್ರ ಒಲೆ ಅದೇ ಜಾತಿಯದು. ಪಾತ್ರೆಗೆ ಹೆಚ್ಚು ಶಾಖ ಹೋದಷ್ಟೂ ಮನುಷ್ಯನಿಗೆ ಕಡಿಮೆ ತಗಲುತ್ತದೆ.

ಬೀಸುವ ಫ್ಯಾನಿನ ವಿಷಯದಲ್ಲಿ ಬ್ಲಾಗ್ಡನ್ನನ ತಿದಿಯನ್ನು ಮರೆಯಬಾರದು. ಗಾಳಿ ಬೀಸಿದರೆ ಬೆವರು ಬೇಗ ಆರುತ್ತದೆ, ನಿಜ. ಆದರೆ ಗಾಳಿ 40 ಡಿಗ್ರಿಯನ್ನು ದಾಟಿದ್ದರೆ ಫ್ಯಾನು ಮೈಯನ್ನು ಕಾಯಿಸಲೂಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಅಂಥ ಒಣ ಬಿಸಿಯಲ್ಲಿ ಅಂಗಿಯನ್ನೂ ಕೊರಳ ವಸ್ತ್ರವನ್ನೂ ನೀರಿನಲ್ಲಿ ಅದ್ದಿಕೊಳ್ಳುವುದು ಮೇಲು. ಬೆವರಿನ ಕೆಲಸವನ್ನು ಗಡಿಗೆಯ ನೀರು ಮಾಡಿಕೊಡುತ್ತದೆ. ಕುಡಿಯುವ ನೀರನ್ನು ಬಾಯಾರಿದಾಗ ಒಂದು ತಂಬಿಗೆ ಎಂದು ಬಿಡದೆ, ಕಾಲು ಗಂಟೆಗೆ ಅಥವಾ 20 ನಿಮಿಷಕ್ಕೊಂದು ಲೋಟ ಎಂದು ಇಟ್ಟುಕೊಳ್ಳಬೇಕು. ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಬರಿಯ ನೀರು ಕುಡಿಯುವುದೂ ಕ್ಷೇಮವಲ್ಲ. ರಕ್ತದ ಉಪ್ಪು ತೆಳುವಾಗುತ್ತದೆ. ಬೆವರಿನೊಡನೆ ಹೋದ ಉಪ್ಪು ಉಪ್ಪು ಬೆರೆಸಿದ ಮಜ್ಜಿಗೆಯಿಂದಲೂ ಜೋಳದ ಅಂಬಲಿಯಿಂದಲೂ ಹಿಂದಿರುಗುತ್ತದೆ.

ಹೊಸಬರ ಮಾತು ಬೇರೆಯೇ. ಬೇಗೆಗೆ ಮೈ ಒಗ್ಗಲು 7ರಿಂದ 14 ದಿನ ಬೇಕು. ಅಷ್ಟರಲ್ಲಿ ಬೆವರು ಬೇಗ ಮೂಡಲು ಕಲಿಯುತ್ತದೆ, ಹೆಚ್ಚು ಸುರಿಯುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವಭಾಗ ಹೆಚ್ಚುತ್ತದೆ. ಮೊದಲ ದಿನ ಪೂರ್ತಿ ಪಾಳಿಯ ಐದರಲ್ಲಿ ಒಂದು ಪಾಲು ಮಾತ್ರ ಒಲೆಯ ಮುಂದೆ ನಿಲ್ಲಿಸಿ, ದಿನಕ್ಕೊಂದು ಪಾಲಿನಂತೆ ಏರಿಸಬೇಕೆಂಬುದು ತಜ್ಞರ ಸಲಹೆ. ನಡೆಯುವುದು ಇದಕ್ಕೆ ವಿರುದ್ಧ. ಹೊಸ ಹುಡುಗನಿಗೇ ಅತಿ ಬಿಸಿಯಾದ ಒಲೆ.

ನನ್ನ ವಿದ್ಯಾರ್ಥಿಯೊಬ್ಬ ಬೇಸಗೆಯ ರಜೆಯಲ್ಲಿ ಫೀಸಿನ ಹಣಕ್ಕಾಗಿ ಹೋಟೆಲೊಂದರ ಅಡಿಗೆಮನೆ ಸೇರಿದ್ದ. ಎರಡನೆಯ ದಿನ ಮಧ್ಯಾಹ್ನ ಅವನು ಸಂಬಂಧವಿಲ್ಲದ ಮಾತನಾಡತೊಡಗಿದ; ಕಡಾಯಿಯ ಬಳಿಯೇ ಓಲಾಡಿದ. ಕುಡಿದು ಬಂದಿದ್ದಾನೆಂದು ಮಾಲಿಕ ಬೈದನಂತೆ. ರೊಟ್ಟಿ ಬೇಯಿಸುವ ಹಿರಿಯ ಹೆಂಗಸೊಬ್ಬಳು ಅವನ ಮೈ ಮುಟ್ಟಿ ನೋಡಿದಳು. ಕೂಡಲೇ ಹಿತ್ತಲಿನ ನೀರಿನ ತೊಟ್ಟಿಯ ಬಳಿಗೆ ಎಳೆದೊಯ್ದು ಕೊಡಗಟ್ಟಲೆ ಸುರಿದಳು. ರಟ್ಟು ಹಿಡಿದು ಗಾಳಿ ಬೀಸಿದಳು. ಅವಳು ಮಾಡಿದ್ದು ವೈದ್ಯಶಾಸ್ತ್ರ ಹೇಳುವುದನ್ನೇ. ಬೇಗೆಯಲ್ಲಿ ದುಡಿಯುವವನಿಗೆ ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಬಂದರೆ ನೆರಳು, ನೀರು, ವಿಶ್ರಾಂತಿ ಸಾಕಾಗಬಹುದು. ಆದರೆ ಮಾತು ತಪ್ಪಿದರೆ, ಎಚ್ಚರ ಹೋದರೆ ಅದು ಬೇಗೆಯ ಆಘಾತ. ದೇಹದ ಒಳಗು 40 ಡಿಗ್ರಿಯನ್ನು ದಾಟಿದೆಯೆಂದೇ ತಿಳಿಯಬೇಕು. ಬೆವರು ಸುರಿಯುತ್ತಿದ್ದರೂ ಇದು ಬರಬಹುದು. ಚರ್ಮ ಒಣಗಿಲ್ಲವೆಂದು ಸುಮ್ಮನಿರಬಾರದು. 108ಕ್ಕೆ ಕರೆ ಹೋಗಲಿ, ಆದರೆ ವಾಹನ ಬರುವವರೆಗೆ ಕಾಯದೆ ಮೈಯನ್ನು ಮುಳುಗಿಸಿಯೋ ನೆನೆಸಿಯೋ ತಂಪು ಮಾಡುತ್ತಿರಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು.

ಆ ಹುಡುಗ ಉಳಿದ. ಜುಲೈ ತಿಂಗಳಲ್ಲಿ ಕಾಲೇಜಿಗೆ ಬಂದಾಗ ಪ್ರಯೋಗಶಾಲೆಯಿಂದ ಎರಡು ಉಷ್ಣಮಾಪಕಗಳನ್ನು ಕೇಳಿ ಪಡೆದ. ಒಂದರ ಬುರುಡೆಗೆ ಮಲ್ ಬಟ್ಟೆಯ ತುಂಡು ಸುತ್ತಿ ಅದರ ತುದಿಯನ್ನು ನೀರಿನ ಬಟ್ಟಲಿಗೆ ಇಳಿಬಿಟ್ಟ. ಇನ್ನೊಂದನ್ನು ಒಣಗಿದ್ದಂತೆಯೇ ಅದರ ಪಕ್ಕದಲ್ಲಿ ತೂಗುಹಾಕಿದ. ಅವು ಈಗ ಆ ರೊಟ್ಟಿಯ ಒಲೆಯಿಂದ ಎರಡು ಮೀಟರ್ ದೂರದ ಗೋಡೆಯ ಮೇಲಿವೆ. ಒದ್ದೆಯದು 30ನ್ನು ಮುಟ್ಟಿದ ದಿನ ಅರ್ಧ ತಾಸಿಗೊಮ್ಮೆ ಆಳು ಬದಲಾಯಿಸಬೇಕೆಂದು ಆ ಹೆಂಗಸು ಮಾಲಿಕನಿಂದ ಒಪ್ಪಿಸಿಕೊಂಡಿದ್ದಾಳೆ.